ಪೋರ್ಟಿನಾರಿ ಪೀಠಚಿತ್ರ: ಸಂಕೇತ ಮತ್ತು ಕಥನ

ಪೋರ್ಟಿನಾರಿ ಪೀಠಚಿತ್ರವು ಹದಿನೈದನೆಯ ಶತಮಾನದ ಫ್ಲೆಮಿಷ್ ವರ್ಣಚಿತ್ರಕಾರ ಹ್ಯೂಗೊ ವಾನ್ ಡರ್ ಗೂಸ್ ಸುಮಾರು 1475ರ ಆಸುಪಾಸಿನಲ್ಲಿ ಮರದ ಹಲಗೆಗಳ ಮೇಲೆ ತೈಲವರ್ಣದಲ್ಲಿ ರಚಿಸಿದ, ಯೇಸುವಿನ ಜನನ ಮತ್ತು ಕುರುಬರ ಆರಾಧನೆಯನ್ನು ವಸ್ತುವಾಗಿ ಉಳ್ಳ ಬೃಹತ್ ಕೃತಿ. ಚರ್ಚಿನ ಬಲಿಪೀಠದ ಹಿಂಭಾಗದಲ್ಲಿ, ಪೂಜೆ ನಡೆಯುವಾಗ ಭಕ್ತರ ಕಣ್ಣಿಗೆ ನೇರವಾಗಿ ಬೀಳುವಂತೆ ನಿಲ್ಲಿಸುವ ಚಿತ್ರಕ್ಕೆ ಪೀಠಚಿತ್ರವೆಂದು ಹೆಸರು. ನಡುವೆ ಒಂದು ಅಗಲವಾದ ಫಲಕವೂ ಅದಕ್ಕೆ ಕೀಲುಗಳಿಂದ ಕೂಡಿಸಿದ, ಬಾಗಿಲುಗಳಂತೆ ಮುಚ್ಚಿ ತೆರೆಯಬಹುದಾದ ಎರಡು ಪಕ್ಕದ ಫಲಕಗಳೂ ಇದ್ದರೆ ಅದು ತ್ರಿಫಲಕ. ಇಲ್ಲಿ ನಡುವಿನ ಫಲಕ 253 ಸೆಂ.ಮೀ. ಎತ್ತರ ಮತ್ತು 304 ಸೆಂ.ಮೀ. ಅಗಲವಾಗಿದೆ, ಪಕ್ಕದ ಫಲಕಗಳು ಅಷ್ಟೇ ಎತ್ತರವಾಗಿದ್ದು ತಲಾ 141 ಸೆಂ.ಮೀ. ಅಗಲವಾಗಿರುವುದರಿಂದ, ಪೂರ್ತಿ ತೆರೆದಾಗ ಕೃತಿಯ ಅಗಲ ಆರು ಮೀಟರಿಗೆ ಸಮೀಪಿಸುತ್ತದೆ. ಇದು ಈಗ ಇಟಲಿಯ ಫ್ಲಾರೆನ್ಸಿನ ಉಫೀಜಿ ಚಿತ್ರಶಾಲೆಯಲ್ಲಿದೆ.

ಚಿತ್ರವನ್ನು ಬರೆಸಿದವನು ತೊಮ್ಮಾಸೊ ಪೋರ್ಟಿನಾರಿ. ಫ್ಲಾರೆನ್ಸಿನವನಾದ ಈತ ಮೆಡಿಚಿ ಬ್ಯಾಂಕಿನ ಬ್ರೂಜ್ ಶಾಖೆಯ ಮುಖ್ಯಸ್ಥನಾಗಿದ್ದು, ಬರ್ಗಂಡಿಯ ಡ್ಯೂಕರ ಆಸ್ಥಾನದ ನಿಕಟವರ್ತಿಯಾಗಿ ಬೆಳೆದು, ಹಣ ಮತ್ತು ಪ್ರತಿಷ್ಠೆ ಎರಡನ್ನೂ ಚೆನ್ನಾಗಿ ಖರ್ಚು ಮಾಡಲು ಬಲ್ಲವನಾಗಿದ್ದ. 1470ರಲ್ಲಿ ಅವನು ತನಗಿಂತ ಬಹಳ ಚಿಕ್ಕವಳಾದ ಮರಿಯಾ ಬರೊನ್‌ಚೆಲ್ಲಿಯನ್ನು ಮದುವೆಯಾದ. ಅದೇ ಕಾಲದಲ್ಲಿ ಬ್ರೂಜಿನ ಹನ್ಸ್ ಮೆಮ್ಲಿಂಗ್ ಬರೆದ ಈ ದಂಪತಿಯ ಭಾವಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿವೆ. ಪೀಠಚಿತ್ರ ಉದ್ದೇಶಿತವಾದದ್ದು ಫ್ಲಾರೆನ್ಸಿನ ಸಾಂತಾ ಮರಿಯಾ ನುವೊವಾ ಆಸ್ಪತ್ರೆಗೆ ಸೇರಿದ ಸಾಂತ್ ಎಜಿದಿಯೊ ಚರ್ಚಿನ ಮುಖ್ಯ ಬಲಿಪೀಠಕ್ಕೆ. ಈ ಆಸ್ಪತ್ರೆಯನ್ನು 1288ರಲ್ಲಿ ಸ್ಥಾಪಿಸಿದವನು ತೊಮ್ಮಾಸೊನ ಪೂರ್ವಿಕನೂ ಕವಿ ದಾಂತೆಯ ಕಾವ್ಯನಾಯಕಿ ಬೆಯಾತ್ರಿಚೆಯ ತಂದೆ ಎಂದು ಪ್ರಸಿದ್ಧನೂ ಆದ ಫೋಲ್ಕೊ ಪೋರ್ಟಿನಾರಿ. ಆದ್ದರಿಂದ ಈ ಕೊಡುಗೆ ಒಂದು ಹರಕೆಯಷ್ಟೇ ಅಲ್ಲದೆ, ದೂರದ ಊರಿನಲ್ಲಿ ನೆಲೆಸಿದ ವ್ಯಾಪಾರಿಯೊಬ್ಬ ತವರೂರಿನಲ್ಲಿ ತನ್ನ ಮನೆತನದ ಹೆಸರನ್ನು ಮತ್ತೊಮ್ಮೆ ಬರೆಸಿಕೊಂಡ ಕ್ರಮವೂ ಹೌದು.

ಹ್ಯೂಗೊ 1467ರಲ್ಲಿ ಗೆಂಟ್ ನಗರದ ಚಿತ್ರಕಾರರ ಸಂಘದಲ್ಲಿ ಸ್ವತಂತ್ರ ಗುರುವಾಗಿ ದಾಖಲಾಗಿ, ಮುಂದೆ ಅದರ ಮುಖ್ಯಸ್ಥನೂ ಆಗಿ, 1470ರ ದಶಕದ ಉತ್ತರಾರ್ಧದಲ್ಲಿ ಎಲ್ಲವನ್ನೂ ಬಿಟ್ಟು ಬ್ರಸೆಲ್ಸ್ ಬಳಿಯ ರೋಡ್ ಕ್ಲೂಸ್ಟರ್ ಎಂಬ ಮಠವನ್ನು ಸಾಮಾನ್ಯ ಸಹೋದರನಾಗಿ ಸೇರಿದ. 1481ರಲ್ಲಿ ಕಲೋನ್‌ನಿಂದ ಹಿಂತಿರುಗುವಾಗ ತಾನು ದೇವರಿಂದ ಶಾಶ್ವತವಾಗಿ ತ್ಯಕ್ತನೆಂಬ ಭ್ರಮೆಗೆ ಒಳಗಾಗಿ, ಮರುವರ್ಷ ತೀರಿಕೊಂಡ ಸಂಗತಿಯನ್ನು ಅದೇ ಮಠದ ಗಾಸ್ಪರ್ ಓಫ್‌ಹುಯ್ಸ್ ಬರೆದಿಟ್ಟಿದ್ದಾನೆ. ಹತ್ತೊಂಬತ್ತನೆಯ ಶತಮಾನಕ್ಕೆ ಈ ವೃತ್ತಾಂತ ಬಹಳ ಹಿಡಿಸಿತು. ಎಮಿಲ್ ವೌಟರ್ಸ್ ಎಂಬ ಬೆಲ್ಜಿಯನ್ ಕಲಾವಿದ 1872ರಲ್ಲಿ ಹ್ಯೂಗೊನ ಉನ್ಮಾದವನ್ನೇ ಚಿತ್ರಿಸಿದ, ವಿನ್ಸೆಂಟ್ ವಾನ್ ಗೋ ತನ್ನ ಪತ್ರಗಳಲ್ಲಿ ಆ ಚಿತ್ರದ ಮುಖಕ್ಕೆ ತನ್ನ ಮುಖವನ್ನು ಹೋಲಿಸಿಕೊಂಡ. ಆದರೆ ಪೋರ್ಟಿನಾರಿ ಚಿತ್ರದ ಗಂಭೀರ ಮುಖಗಳಲ್ಲಿ ರೋಗದ ಲಕ್ಷಣವನ್ನು ಹುಡುಕುವುದು ಸಮಂಜಸವಲ್ಲ. ಚಿತ್ರ ಬರೆದದ್ದು ಕಾಯಿಲೆಗೆ ಹಲವು ವರ್ಷ ಮೊದಲು, ಆ ಗಾಂಭೀರ್ಯಕ್ಕೆ ಕಾರಣ ಚಿತ್ರದ ವಸ್ತುವಿನಲ್ಲೇ ಇದೆ.

ಸ್ಥಿರಚಿತ್ರಕ್ಕೆ ಕಥೆ ಹೇಳುವುದರಲ್ಲಿ ಒಂದು ಮೂಲಭೂತ ತೊಡಕಿದೆ. ಮಾತು ಒಂದರ ಹಿಂದೊಂದಾಗಿ ಸಾಗುತ್ತದೆ. ಚಿತ್ರವಾದರೋ ಎಲ್ಲವನ್ನೂ ಒಂದೇ ನೋಟಕ್ಕೆ ಒಡ್ಡುವುದರಿಂದ, ನಡೆದುಹೋದದ್ದನ್ನೂ ಮುಂದೆ ನಡೆಯಬೇಕಾದದ್ದನ್ನೂ ತೋರಿಸಲು ಬೇರೆ ಉಪಾಯ ಹುಡುಕಬೇಕಾಗುತ್ತದೆ. ಒಬ್ಬನೇ ವ್ಯಕ್ತಿಯನ್ನು ಒಂದೇ ದೃಶ್ಯದೊಳಗೆ ಹಲವು ಬಾರಿ ಬರೆದು ಬೇರೆ ಬೇರೆ ಗಳಿಗೆಗಳನ್ನು ಸೂಚಿಸುವ ನಿರಂತರ ಕಥನವೆಂಬ ಕ್ರಮ ಯುರೋಪಿನಲ್ಲಿ ಹಳೆಯದು. ಫ್ಲಾರೆನ್ಸಿನ ಬ್ರಾಂಕಾಚಿ ಪ್ರಾರ್ಥನಾಮಂದಿರದಲ್ಲಿ ಮಸಾಚೊ 1420ರ ದಶಕದಲ್ಲಿ ಬರೆದ ತೆರಿಗೆಯ ನಾಣ್ಯದ ಭಿತ್ತಿಚಿತ್ರದಲ್ಲಿ ಸಂತ ಪೇತ್ರನು ಮೂರು ಕಡೆ ಕಾಣಿಸಿಕೊಳ್ಳುವುದು ಇದಕ್ಕೆ ಪ್ರಸಿದ್ಧ ನಿದರ್ಶನ. ಹ್ಯೂಗೊ ಈ ಕ್ರಮವನ್ನು ಬಳಸಿಕೊಂಡದ್ದು ಅರ್ಧದಷ್ಟು ಕೆಲಸಕ್ಕೆ ಮಾತ್ರ. ಕ್ರಿಸ್ತಜನನಕ್ಕೆ ಮುಂಚೆ ಮತ್ತು ಅದರ ಸುತ್ತಮುತ್ತ ನಡೆದುದನ್ನು ಅವನು ಹಿನ್ನೆಲೆಯ ಬೆಟ್ಟದಾರಿಗಳಲ್ಲಿ ಚಿಕ್ಕ ಚಿಕ್ಕ ಆಕೃತಿಗಳಾಗಿ ಬರೆದ. ಮುಂದೆ ನಡೆಯಲಿರುವ ಯಾತನೆ, ಮರಣ ಮತ್ತು ಬಲಿಪೂಜೆಯನ್ನು ಆಕೃತಿಗಳಲ್ಲಿ ತೋರಿಸದೆ, ಮುನ್ನೆಲೆಯಲ್ಲಿಟ್ಟ ಹೂವು, ಪೈರು, ಬಟ್ಟೆ, ಪಾತ್ರೆಗಳಿಗೆ ವಹಿಸಿದ. ಹಾಗಾಗಿ ಈ ಕೃತಿಯಲ್ಲಿ ಸಂಕೇತವೆಂಬುದು ಕಥೆಯ ಮೇಲೆ ಹೊದಿಸಿದ ಅಲಂಕಾರವಲ್ಲ, ಕಥೆಯ ಉತ್ತರಾರ್ಧವೇ ಅದು.

ಕಾಲದ ಈ ಯೋಜನೆ ಫಲಕಗಳು ಮುಚ್ಚಿರುವಾಗಲೇ ಮೊದಲಾಗುತ್ತದೆ. ಪಕ್ಕದ ಫಲಕಗಳ ಹೊರಮೈ ಮೇಲೆ, ಕಲ್ಲಿನ ಶಿಲ್ಪದ ಭ್ರಮೆ ಹುಟ್ಟಿಸುವಂತೆ ಬೂದುಬಣ್ಣದ ಛಾಯೆಗಳಲ್ಲಷ್ಟೇ, ದೇವದೂತ ಗಬ್ರಿಯೇಲನು ಮರಿಯಳಿಗೆ ಗರ್ಭಧಾರಣೆಯ ಸಂದೇಶ ನೀಡುವ ದೃಶ್ಯವಿದೆ. ಬಣ್ಣವಿಲ್ಲದ ಆ ಮುಚ್ಚಿದ ಚಿತ್ರ ತೆರೆದುಕೊಂಡಾಗ ಒಳಗೆ ಬಣ್ಣದಲ್ಲಿ ಜನನ ಕಾಣುತ್ತದೆ. ಸಂದೇಶದ ಹಬ್ಬವಾದ ಮಾರ್ಚ್ 25ಕ್ಕೂ ಕ್ರಿಸ್ಮಸ್‌ಗೂ ನಡುವಿನ ಒಂಬತ್ತು ತಿಂಗಳನ್ನು ದಾಟಿಸುವ ಕೆಲಸವನ್ನು ಇಲ್ಲಿ ಕೀಲುಗಳು ಮಾಡುತ್ತವೆ.

ತೆರೆದ ಚಿತ್ರದ ಹಿನ್ನೆಲೆಯನ್ನು ಎಡದಿಂದ ಬಲಕ್ಕೆ ಓದಬಹುದು. ಎಡ ಫಲಕದ ಬಂಡೆಗಳ ಇಳಿಜಾರಿನಲ್ಲಿ ಜೋಸೆಫನು ತುಂಬು ಗರ್ಭಿಣಿ ಮರಿಯಳನ್ನು ಆತು ಹಿಡಿದು ನಡೆಸುತ್ತಿದ್ದಾನೆ. ಆಕೆ ಕತ್ತೆಯಿಂದ ಇಳಿದಿರುವುದು, ಭಾರಕ್ಕೆ ಬಾಗಿರುವುದು ಬೆತ್ಲೆಹೇಮಿನ ಪ್ರಯಾಣದ ಸಾಮಾನ್ಯ ಚಿತ್ರಣಗಳಲ್ಲಿ ಅಪರೂಪಕ್ಕೆ ಕಾಣುವ ಮಾನುಷ ವಿವರ. ನಡುವಿನ ಫಲಕದ ಬಲಮೂಲೆಯ ಗುಡ್ಡದ ಮೇಲೆ ದೇವದೂತನ ಮಾತು ಕೇಳಿ ಕುರುಬರು ಬೆರಗಾಗಿದ್ದಾರೆ. ಲೂಕನ ಶುಭಸಂದೇಶದಿಂದ ಬಂದ ಈ ಘಟನೆಯ ಅದೇ ಕುರುಬರು ಕೆಳಗೆ, ಮುನ್ನೆಲೆಗೆ, ಗೋದಲಿಯ ಬಳಿಗೆ ಬಂದು ತಲುಪಿದ್ದಾರೆ. ಬಲ ಫಲಕದ ಹಿಂಬದಿಯಲ್ಲಿ, ಮತ್ತಾಯನು ಹೇಳುವ ಮೂಡಣದ ಜ್ಞಾನಿಗಳು ಕುದುರೆಗಳ ಮೇಲೆ ಇನ್ನೂ ಬರುತ್ತಲೇ ಇದ್ದು, ಅವರ ಪರಿವಾರದವನೊಬ್ಬ ಮುಂದೆ ಬಂದು ಸ್ಥಳೀಯನೊಬ್ಬನನ್ನು ದಾರಿ ಕೇಳುತ್ತಿದ್ದಾನೆ. ಎಡಕ್ಕೆ ಆಗಿಹೋದದ್ದು, ಬಲಕ್ಕೆ ಇನ್ನೂ ಆಗಬೇಕಾದದ್ದು; ಸಿರಿವಂತ ಜ್ಞಾನಿಗಳು ದಾರಿ ವಿಚಾರಿಸುವಷ್ಟರಲ್ಲಿ ಬಡ ಕುರುಬರು ಬಂದು ಮಂಡಿಯೂರಿಯಾಗಿದೆ ಎಂಬ ವ್ಯಂಗ್ಯ, ಹಣವಂತನೊಬ್ಬ ಬರೆಸಿದ ಚಿತ್ರದಲ್ಲಿ ಅಲಕ್ಷಿಸುವಂಥದ್ದಲ್ಲ.

ನಡುವಿನ ಫಲಕದಲ್ಲಿ ಮಗು ಗೋದಲಿಯಲ್ಲಾಗಲಿ ತಾಯಿಯ ಮಡಿಲಲ್ಲಾಗಲಿ ಇಲ್ಲ. ಬರಿ ನೆಲದ ಮೇಲೆ, ಬಟ್ಟೆಯಿಲ್ಲದೆ, ಸುತ್ತ ಚಿನ್ನದ ಕಿರಣಗಳನ್ನು ಹೊಮ್ಮಿಸುತ್ತ ಮಲಗಿದೆ. ಕಡುನೀಲಿ ಉಡುಪಿನ ಮರಿಯಳು ಮಂಡಿಯೂರಿ ಕೈಗಳನ್ನು ಜೋಡಿಸಿ ಅದನ್ನು ನೋಡುತ್ತಿದ್ದಾಳೆ. ಈ ವಿನ್ಯಾಸದ ಮೂಲ ಶುಭಸಂದೇಶಗಳಲ್ಲಿಲ್ಲ, ಹದಿನಾಲ್ಕನೆಯ ಶತಮಾನದ ಸ್ವೀಡನ್ನಿನ ಸಂತ ಬ್ರಿಜಿತಳು ಬೆತ್ಲೆಹೇಮಿನಲ್ಲಿ ಕಂಡಳೆನ್ನಲಾದ ದರ್ಶನದಲ್ಲಿದೆ. ಅದರ ಪ್ರಕಾರ ಮರಿಯಳು ಪಾದರಕ್ಷೆಗಳನ್ನು ಕಳಚಿ, ಪ್ರಾರ್ಥನೆಯಲ್ಲಿ ಮಂಡಿಯೂರಿರುವಾಗಲೇ, ನೋವಿಲ್ಲದೆ ಕ್ಷಣಮಾತ್ರದಲ್ಲಿ ಹೆರುತ್ತಾಳೆ, ನೆಲದ ಮೇಲಿನ ಶಿಶುವಿನಿಂದ ಬೆಳಕು ಹೊಮ್ಮುತ್ತದೆ. ಈ ದರ್ಶನ ಪ್ರಚಾರಕ್ಕೆ ಬಂದ ಮೇಲೆ, ತಾಯಿ ಹಾಸಿಗೆಯಲ್ಲಿ ಒರಗಿರುವ ಹಳೆಯ ಜನನಚಿತ್ರಗಳು ಪಶ್ಚಿಮ ಯುರೋಪಿನಲ್ಲಿ ಕ್ರಮೇಣ ಹಿಂದೆ ಸರಿದವು. ಹ್ಯೂಗೊನ ವಿಶೇಷವೆಂದರೆ ಮಗುವಿನ ಸುತ್ತ ಬಿಟ್ಟ ಖಾಲಿ ಜಾಗ. ಮರಿಯಳು, ಜೋಸೆಫ, ದೇವದೂತರು, ಕುರುಬರು, ಎತ್ತು ಮತ್ತು ಕತ್ತೆ ಎಲ್ಲರೂ ಒಂದು ವರ್ತುಲವಾಗಿ ದೂರ ನಿಂತಿದ್ದು, ಯಾರೂ ಮಗುವನ್ನು ಮುಟ್ಟುವಷ್ಟು ಹತ್ತಿರವಿಲ್ಲ. ಯಾರ ಮುಖದಲ್ಲೂ ನಗುವಿಲ್ಲ.

ಬಲಬದಿಯಿಂದ ಆ ವರ್ತುಲದೊಳಕ್ಕೆ ನುಗ್ಗುವ ಮೂವರು ಕುರುಬರು ಉತ್ತರ ಯುರೋಪಿನ ಚಿತ್ರಕಲೆಯಲ್ಲಿ ಬಡವರನ್ನು ಕುರಿತ ಅತ್ಯಂತ ಗಮನವುಳ್ಳ ಚಿತ್ರಣಗಳಲ್ಲಿ ಸೇರುತ್ತಾರೆ. ಒಬ್ಬ ಕೈಜೋಡಿಸಿ ಮಂಡಿಯೂರಿದ್ದಾನೆ, ಇನ್ನೊಬ್ಬ ಅಂಗೈಗಳನ್ನು ಅಗಲಿಸಿ ಬಾಗಿದ್ದಾನೆ, ಹಿಂದಿನವನು ಬಾಯಿ ತೆರೆದು ಓಡಿಬಂದು ಇನ್ನೂ ನಿಲ್ಲಬೇಕಷ್ಟೆ. ಒಂದೇ ಭಾವದ ಮೂರು ಹಂತಗಳನ್ನು ಮೂರು ದೇಹಗಳಿಗೆ ಹಂಚಿ, ಓಟದಿಂದ ಆರಾಧನೆಯವರೆಗಿನ ಚಲನೆಯನ್ನು ಚಿತ್ರಕಾರ ಇಲ್ಲಿ ಒಟ್ಟುಗೂಡಿಸಿದ್ದಾನೆ. ಬಿಸಿಲಿಗೆ ಕಪ್ಪಾದ ಒರಟು ಕೈಗಳನ್ನೂ ಕುರುಚಲು ಗಡ್ಡವನ್ನೂ ಅವನು ಹಾಸ್ಯಕ್ಕೆ ಬಳಸಲಿಲ್ಲ ಎಂಬುದು ಮುಖ್ಯ. ಆ ಕಾಲದ ಶ್ರೀಮಂತರ ಕಲೆಯಲ್ಲಿ ಹಳ್ಳಿಗರು ಹೆಚ್ಚಾಗಿ ನಗೆಪಾಟಲಿನ ವಸ್ತುವಾಗಿದ್ದವರು.

ದೇವದೂತರ ಉಡುಪಿನೊಂದಿಗೆ ಕಥೆ ಬೆತ್ಲೆಹೇಮಿನಿಂದ ಚರ್ಚಿನೊಳಕ್ಕೆ ದಾಟುತ್ತದೆ. ಹಲವರು ಹದಿನೈದನೆಯ ಶತಮಾನದ ಪೂಜಾವಸ್ತ್ರಗಳನ್ನು ತೊಟ್ಟಿದ್ದಾರೆ: ಬಿಳಿಯ ನಿಲುವಂಗಿಗಳು, ಬಲಿಪೂಜೆಯಲ್ಲಿ ಗುರುವಿಗೆ ನೆರವಾಗುವ ಉಪಯಾಜಕರ ಮೇಲಂಗಿಗಳು, ಕಸೂತಿಯ ಅಂಚಿನ ಭಾರವಾದ ಜರತಾರಿ ಹೊದಿಕೆಗಳು. ಒಂದು ಹೊದಿಕೆಯ ಅಂಚಿನಲ್ಲಿ, ರೊಟ್ಟಿ ಮತ್ತು ದ್ರಾಕ್ಷಾರಸ ಪವಿತ್ರಗೊಳ್ಳುವುದಕ್ಕೆ ಮುಂಚೆ ಹಾಡುವ ಸ್ತುತಿಯ ಮೊದಲ ಪದವಾದ ‘ಸಾಂಕ್ಟುಸ್’, ಅಂದರೆ ‘ಪವಿತ್ರ’, ಮತ್ತೆ ಮತ್ತೆ ಕಸೂತಿಯಾಗಿದೆ. ಆದರೆ ಬಲಿಪೂಜೆಯನ್ನು ಸ್ವತಃ ಅರ್ಪಿಸುವ ಗುರು ಎಲ್ಲಕ್ಕಿಂತ ಮೇಲೆ ಧರಿಸುವ ತೋಳಿಲ್ಲದ ವಸ್ತ್ರ, ಕಾಸುಲಾ ಎಂಬುದು, ಯಾವ ದೇವದೂತನ ಮೈಮೇಲೂ ಇಲ್ಲ. ಕಾರಣ ಸ್ಪಷ್ಟ: ಈ ಪೂಜೆಯಲ್ಲಿ ಗುರುವೂ ಬಲಿಯೂ ನೆಲದ ಮೇಲಿನ ಶಿಶುವೇ. ಚಿತ್ರ ನಿಂತಿದ್ದ ಸ್ಥಳವನ್ನು ನೆನೆದರೆ ಈ ಯೋಜನೆಯ ಬಿಗಿ ತಿಳಿಯುತ್ತದೆ. ಚಿತ್ರದ ಮುಂದೆ ನಿಜವಾದ ಬಲಿಪೀಠ, ಅದರ ಮುಂದೆ ನಿಜವಾದ ಗುರು; ಆತ ಪರಮ ಪ್ರಸಾದದ ರೊಟ್ಟಿಯನ್ನು ಎತ್ತಿ ಹಿಡಿದಾಗ, ಕ್ರಿಸ್ತನ ಶರೀರವೆಂದು ನಂಬಲಾಗುವ ಆ ರೊಟ್ಟಿಯ ಹಿಂದೆಯೇ ಚಿತ್ರದ ಶಿಶು ಕಾಣುತ್ತಿತ್ತು.

ಚಿತ್ರದ ಅತ್ಯಂತ ಮುಂದಿನ ಅಂಚಿನಲ್ಲಿ, ನೋಡುಗರಿಗೆ ಬಹು ಸಮೀಪದಲ್ಲಿ, ಗೋದಿಯ ಒಂದು ಸಿವುಡು, ಅದರ ಮುಂದೆ ಎರಡು ಹೂದಾನಿಗಳು ಇವೆ. ವಸ್ತುಚಿತ್ರವೆಂಬ ಸ್ವತಂತ್ರ ಪ್ರಕಾರ ಹುಟ್ಟುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮುಂಚೆ ಬರೆದ ಈ ಭಾಗವನ್ನು ಪ್ರತ್ಯೇಕವಾಗಿ ಕತ್ತರಿಸಿ ನೋಡಿದರೂ ಅದು ಪೂರ್ಣ ಚಿತ್ರವೇ. ಗೋದಿ ಪರಮ ಪ್ರಸಾದದ ರೊಟ್ಟಿಯನ್ನು ಹೇಳುತ್ತದೆ. ಬೆತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂಬ ಅರ್ಥವನ್ನು ಕ್ರೈಸ್ತ ವ್ಯಾಖ್ಯಾನಕಾರರು ಮೊದಲಿನಿಂದ ಬಳಸಿಕೊಂಡು ಬಂದವರು. ಸಿವುಡು ಮಗುವಿನಂತೆಯೇ ಬರಿ ನೆಲದ ಮೇಲೆ, ಅದಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿದೆ. ಎಡಗಡೆಯ ಹೂದಾನಿ ಹೊಳಪು ಮೆರುಗಿನ ಸ್ಪೇನ್ ದೇಶದ ಮಣ್ಣಿನ ಜಾಡಿ. ಔಷಧ ವ್ಯಾಪಾರಿಗಳು ಲೇಹ್ಯ, ಮುಲಾಮುಗಳನ್ನು ತುಂಬಿಡುತ್ತಿದ್ದ ಈ ಬಗೆಯ ಜಾಡಿಯನ್ನು ಆಸ್ಪತ್ರೆಯ ಚರ್ಚಿನ ಚಿತ್ರದಲ್ಲಿ ಇಟ್ಟಿರುವುದು ಆಕಸ್ಮಿಕವಾಗಿರಲಾರದು. ಅದರ ಮೇಲೆ ಬಳ್ಳಿಯೆಲೆಗಳ ಚಿತ್ತಾರವಿದ್ದು, ಗೋದಿಯ ಪಕ್ಕದಲ್ಲಿ ಅದನ್ನು ದ್ರಾಕ್ಷಿಯ, ಅಂದರೆ ಪೂಜೆಯ ದ್ರಾಕ್ಷಾರಸದ, ಸೂಚನೆಯಾಗಿ ಓದುವವರಿದ್ದಾರೆ. ಜಾಡಿಯಲ್ಲಿ ಕೆಂಡಬಣ್ಣದ ಲಿಲಿಯೂ ಬಿಳಿ ಮತ್ತು ನೇರಳೆ ಐರಿಸ್ ಹೂಗಳೂ ಇವೆ. ಬಿಳಿ ಲಿಲಿ ಮರಿಯಳ ನಿರ್ಮಲತೆಯ ರೂಢಿಯ ಗುರುತು; ಇಲ್ಲಿ ಅದರ ಜಾಗದಲ್ಲಿ ರಕ್ತವರ್ಣದ ಲಿಲಿ ಬಂದಿರುವುದರಿಂದ ನೋಟ ಕ್ರಿಸ್ತನ ಯಾತನೆಯ ಕಡೆಗೆ ತಿರುಗುತ್ತದೆ. ಖಡ್ಗದಂಥ ಎಲೆಗಳ ಐರಿಸ್, ದೇವಾಲಯದಲ್ಲಿ ಮುದುಕ ಸಿಮೆಯೋನನು ಮರಿಯಳಿಗೆ ಆಕೆಯ ಹೃದಯವನ್ನೂ ಖಡ್ಗವೊಂದು ತೂರಿಹೋಗುವುದೆಂದು ನುಡಿದ ಭವಿಷ್ಯವನ್ನು ನೆನಪಿಸುತ್ತದೆ.

ಬಲಗಡೆಯದು ಪಾರದರ್ಶಕ ಗಾಜಿನ ಲೋಟ. ಬೆಳಕು ಗಾಜನ್ನು ಒಡೆಯದೆ ಅದರ ಮೂಲಕ ಹಾಯುವಂತೆ ಮರಿಯಳು ಕನ್ಯತ್ವಕ್ಕೆ ಭಂಗವಿಲ್ಲದೆ ತಾಯಿಯಾದಳೆಂಬ ಹೋಲಿಕೆ ಮಧ್ಯಯುಗದ ಧರ್ಮಬೋಧನೆಯಲ್ಲಿ ಬಹಳ ಬಳಕೆಯಲ್ಲಿತ್ತು. ಫ್ಲೆಮಿಷ್ ಚಿತ್ರಕಾರರು ಗಾಜಿನ ಮೇಲಿನ ಬೆಳಕಿನ ಚುಕ್ಕೆಯನ್ನು ಅಷ್ಟು ಶ್ರದ್ಧೆಯಿಂದ ಬರೆದುದಕ್ಕೆ ತೈಲವರ್ಣದ ಸೌಲಭ್ಯದ ಜೊತೆಗೆ ಈ ಹೋಲಿಕೆಯೂ ಕಾರಣ. ಲೋಟದಲ್ಲಿ ನೀಲಿ ಕೊಲಂಬೈನ್ ಹೂಗಳೂ ಮೂರು ಕೆಂಪು ಕಾರ್ನೇಷನ್‌ಗಳೂ ಇವೆ. ಏಳೆಂದು ಎಣಿಸಲಾಗುವ ಕೊಲಂಬೈನ್‌ಗಳನ್ನು ಪವಿತ್ರಾತ್ಮನ ಏಳು ವರಗಳಿಗೂ ಮರಿಯಳ ಏಳು ವ್ಯಾಕುಲಗಳಿಗೂ ಹೊಂದಿಸಲಾಗಿದೆ. ಮೂರು ಕಾರ್ನೇಷನ್‌ಗಳು ಶಿಲುಬೆಯ ಮೂರು ಮೊಳೆಗಳು. ನೆಲದ ಮೇಲೆ ಚೆದುರಿದ ವಯೊಲೆಟ್ ಹೂಗಳು ನಮ್ರತೆಗೆ ಸಲ್ಲುತ್ತವೆ.

ಇಷ್ಟೆಲ್ಲ ಅರ್ಥಗಳನ್ನು ಹೂಗಳಲ್ಲಿ ಓದುವುದು ಸರಿಯೇ ಎಂಬ ಪ್ರಶ್ನೆ ಸಹಜ. ಕಲಾಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1934ರಲ್ಲಿ ಯಾನ್ ವಾನ್ ಐಕನ ಆರ್ನೊಲ್ಫಿನಿ ಚಿತ್ರವನ್ನು ಕುರಿತ ಲೇಖನದಲ್ಲೂ ಆಮೇಲೆ 1953ರ ತನ್ನ ಬೃಹದ್‌ಗ್ರಂಥದಲ್ಲೂ, ಫ್ಲೆಮಿಷ್ ಚಿತ್ರಗಳಲ್ಲಿ ಸಾಧಾರಣ ಗೃಹೋಪಯೋಗಿ ವಸ್ತುಗಳೇ ವೇಷ ಮರೆಸಿಕೊಂಡ ಧಾರ್ಮಿಕ ಸಂಕೇತಗಳಾಗಿವೆಯೆಂದು ವಾದಿಸಿದ. ಇದು ‘ಮರೆಮಾಚಿದ ಸಂಕೇತ’ದ ಸಿದ್ಧಾಂತವೆಂದು ಪ್ರಸಿದ್ಧವಾಯಿತು. ಹೀಗೆ ಓದತೊಡಗಿದರೆ ಸಂಕೇತವಲ್ಲದ ವಸ್ತು ಯಾವುದು, ಓದು ನಿಲ್ಲುವುದೆಲ್ಲಿ ಎಂದು ಮುಂದಿನ ವಿದ್ವಾಂಸರು ಆಕ್ಷೇಪಿಸಿದ್ದಾರೆ, ಮತ್ತು ಆ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಪೋರ್ಟಿನಾರಿ ಚಿತ್ರದ ಹೂಗಳು ಮರೆಮಾಚಿದವಲ್ಲ. ಹಿನ್ನೆಲೆಯ ಮರಗಳು ಎಲೆಯುದುರಿ ಬೋಳಾಗಿವೆ, ಕಾಲ ಚಳಿಗಾಲ. ಐರಿಸ್ ಮತ್ತು ಕೊಲಂಬೈನ್ ಅರಳುವುದು ವಸಂತದ ಕೊನೆಗೆ, ಗೋದಿಯ ಕೊಯ್ಲು ಬೇಸಿಗೆಯಲ್ಲಿ. ಪ್ರತಿಯೊಂದು ದಳವನ್ನೂ ಸಸ್ಯಶಾಸ್ತ್ರಜ್ಞನ ನಿಖರತೆಯಿಂದ ಬರೆದವನಿಗೆ ಋತುಗಳ ಪರಿವೆ ಇರಲಿಲ್ಲವೆನ್ನಲಾಗದು. ಒಂದೇ ನೆಲದ ಮೇಲೆ ಕೂಡಲಾರದ ಋತುಗಳನ್ನು ಬೇಕೆಂದೇ ಕೂಡಿಸಿ, ಅವು ಕೊಟ್ಟಿಗೆಯ ಅಂಗಳಕ್ಕೆ ಸೇರಿದ ವಸ್ತುಗಳಲ್ಲವೆಂದು ಅವನು ಬಹಿರಂಗವಾಗಿ ಹೇಳಿದ್ದಾನೆ. ಹೂಗಳ ಎಣಿಕೆಗೆ ಹಚ್ಚುವ ಅರ್ಥಗಳಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿದ್ದರೂ, ಅವು ಏನನ್ನೋ ಹೇಳಲೆಂದೇ ಅಲ್ಲಿವೆ ಎಂಬುದರಲ್ಲಿ ಎಡೆಯಿಲ್ಲ.

ಉಳಿದ ವಸ್ತುಗಳಲ್ಲಿ ಕೆಲವು ಸುಲಭ, ಕೆಲವು ಗೂಢ. ಎಡಬದಿಯಲ್ಲಿ ಕಳಚಿಬಿಟ್ಟ ಒಂಟಿ ಮರದ ಪಾದರಕ್ಷೆಯನ್ನು, ಉರಿಯುವ ಪೊದೆಯ ಮುಂದೆ ಮೋಶೆಗೆ ಬಂದ ಆಜ್ಞೆಯಂತೆ, ಇದು ಪವಿತ್ರ ನೆಲವೆಂಬ ಸೂಚನೆಯಾಗಿ ಓದುತ್ತಾರೆ. ಬ್ರಿಜಿತಳ ದರ್ಶನವೂ ಇಲ್ಲಿ ಹೊಂದುತ್ತದೆ. ಜೋಸೆಫನ ಬಳಿಯ ದಪ್ಪ ಕಲ್ಲುಕಂಬ, ಹೆರಿಗೆಯ ಗಳಿಗೆಯಲ್ಲಿ ಮರಿಯಳು ಒರಗಿದ ಕಂಬವೆಂದು ಭಕ್ತಿಗ್ರಂಥಗಳಲ್ಲಿ ಬರುತ್ತದೆ. ಮುಂದೆ ಕ್ರಿಸ್ತನನ್ನು ಕಟ್ಟಿ ಕೊರಡೆಯಿಂದ ಹೊಡೆದದ್ದೂ ಒಂದು ಕಂಬಕ್ಕೇ. ಹಿಂದಿನ ಕಟ್ಟಡದ ಬಾಗಿಲ ಮೇಲೆ ದಾವಿದನ ಗುರುತಾದ ಕಿನ್ನರಿಯಂಥ ತಂತಿವಾದ್ಯ ಕೆತ್ತಿರುವುದರಿಂದ ಅದು ಯೇಸುವಿನ ವಂಶಮೂಲನಾದ ಆ ರಾಜನ ಅರಮನೆ. ಕೊಟ್ಟಿಗೆಯ ಕತ್ತಲಲ್ಲಿ, ಎತ್ತಿನ ತಲೆಯ ಮೇಲ್ಭಾಗದಲ್ಲಿ, ಹಲ್ಲು ಮತ್ತು ಉಗುರುಗಳ ಒಂದು ಪಿಶಾಚಿಯ ಮುಖ ಅಡಗಿದೆಯೆಂಬುದನ್ನು ವಿದ್ವಾಂಸರ ಗಮನಕ್ಕೆ ತಂದ ಲೇಖನ ಪ್ರಕಟವಾದದ್ದು 1960ರಲ್ಲಿ. ಸೋತು ಹಿಮ್ಮೆಟ್ಟುತ್ತಿರುವ ಕೇಡು ಎಂದು ಅದನ್ನು ಅರ್ಥೈಸಲಾಗಿದೆ. ಶತಮಾನಗಳ ಕಾಲ ಯಾರೂ ಅದನ್ನು ದಾಖಲಿಸದೆ ಇದ್ದುದು ಚಿತ್ರಕಾರನ ಕೌಶಲದ ಜೊತೆಗೆ ಮೇಣದ ಬತ್ತಿಗಳ ಮಂದ ಬೆಳಕನ್ನೂ ನೆನಪಿಸುತ್ತದೆ.

ಪಕ್ಕದ ಫಲಕಗಳಲ್ಲಿ ದಾನಿಯ ಕುಟುಂಬ ಮಂಡಿಯೂರಿದೆ: ಎಡಕ್ಕೆ ತೊಮ್ಮಾಸೊ ಮತ್ತು ಗಂಡುಮಕ್ಕಳಾದ ಅಂತೋನಿಯೊ, ಪಿಜೆಲ್ಲೊ, ಬಲಕ್ಕೆ ಮರಿಯಾ ಮತ್ತು ಮಗಳು ಮಾರ್ಗೆರಿತಾ. ಅವರ ಹಿಂದೆ ಅವರವರ ಹೆಸರಿನ ಪಾಲಕ ಸಂತರು ಎರಡರಷ್ಟು ಗಾತ್ರದಲ್ಲಿ ನಿಂತಿದ್ದಾರೆ. ಈಟಿ ಹಿಡಿದವನು ಸಂತ ತೋಮ, ಗಂಟೆಯುಳ್ಳವನು ಸಂತ ಅಂತೋನಿ, ಕಾಲಡಿಯಲ್ಲಿ ಘಟಸರ್ಪವಿರುವವಳು ಮಾರ್ಗರೇಟ್, ಸುಗಂಧತೈಲದ ಭರಣಿಯುಳ್ಳವಳು ಮಗ್ದಲದ ಮರಿಯ. 1474ರಲ್ಲಿ ಹುಟ್ಟಿದ ಪಿಜೆಲ್ಲೊಗೆ ಮಾತ್ರ ಪಾಲಕ ಸಂತನಿಲ್ಲದಿರುವುದರಿಂದ, ಮೂಲ ಯೋಜನೆ ಮುಗಿದ ಮೇಲೆ ಅವನನ್ನು ಸೇರಿಸಲಾಯಿತೆಂದು ಊಹಿಸಲಾಗಿದೆ; ಚಿತ್ರದ ಕಾಲವನ್ನು ನಿರ್ಧರಿಸಲು ಈ ಮಕ್ಕಳ ವಯಸ್ಸೇ ಮುಖ್ಯ ಆಧಾರ. ಬಲ ಫಲಕದಲ್ಲಿ ತಾಯಿಯ ಹಿಂದೆ ಮಾರ್ಗರೇಟಳೂ ಮಗಳ ಹಿಂದೆ ಮಗ್ದಲದ ಮರಿಯಳೂ ನಿಂತು ಕ್ರಮ ಅದಲುಬದಲಾಗಿದೆ. ಘಟಸರ್ಪದ ಹೊಟ್ಟೆಯಿಂದ ಸುರಕ್ಷಿತವಾಗಿ ಹೊರಬಂದ ಮಾರ್ಗರೇಟಳು ಹೆರಿಗೆಯ ರಕ್ಷಕಿಯೆಂದೂ, ಆಸ್ಪತ್ರೆಯಲ್ಲಿ ರೋಗಿಗಳು ಮೊರೆಹೋಗುತ್ತಿದ್ದ ಅಂತೋನಿಯು ಮೈ ಸುಡುವ ಚರ್ಮವ್ಯಾಧಿಯಿಂದ ಕಾಯುವವನೆಂದೂ ನಂಬಿಕೆಯಿದ್ದುದರಿಂದ, ಈ ಸಂತರ ಆಯ್ಕೆ ಒಂದೇ ಏಟಿಗೆ ಕುಟುಂಬಕ್ಕೂ ಆಸ್ಪತ್ರೆಗೂ ಒಪ್ಪುವಂತಿತ್ತು.

ಚಿತ್ರ ಊರು ಸೇರಲು ಹಲವು ವರ್ಷ ಹಿಡಿಯಿತು. ತೊಮ್ಮಾಸೊ ದೊಡ್ಡ ಸಾಲಗಳನ್ನು ಕೊಟ್ಟಿದ್ದ ಬರ್ಗಂಡಿಯ ಡ್ಯೂಕ್ ಧೀರ ಚಾರ್ಲ್ಸ್ 1477ರ ಜನವರಿಯಲ್ಲಿ ನಾನ್ಸಿ ಯುದ್ಧದಲ್ಲಿ ಮಡಿದ ಮೇಲೆ ಬ್ರೂಜ್ ಶಾಖೆಯ ಲೆಕ್ಕ ನೆಲಕಚ್ಚಿತು, ಬ್ಯಾಂಕಿನ ಒಡೆಯ ಲೊರೆಂಜೊ ಡಿ ಮೆಡಿಚಿ ಸಂಬಂಧ ಕಡಿದುಕೊಂಡ. ಸಮುದ್ರಮಾರ್ಗದಲ್ಲಿ ಸಿಸಿಲಿಯ ಮೂಲಕ ಪೀಸಾಕ್ಕೆ, ಅಲ್ಲಿಂದ ಆರ್ನೊ ನದಿಯಲ್ಲಿ ದೋಣಿಯ ಮೇಲೆ ಬಂದ ಪೀಠಚಿತ್ರವನ್ನು 1483ರ ಮೇ 28ರಂದು ಹದಿನಾರು ಹಮಾಲರು ಹೊತ್ತು ಚರ್ಚಿಗೆ ತಲುಪಿಸಿದರು. ಆ ವೇಳೆಗೆ ಹ್ಯೂಗೊ ತೀರಿಕೊಂಡಾಗಿತ್ತು. ಸಹಿಯಿಲ್ಲದ ಈ ಕೃತಿ ಅವನದೇ ಎಂದು ತಿಳಿಯುವುದು, ಸಾಂತಾ ಮರಿಯಾ ನುವೊವಾದಲ್ಲಿನ ಚಿತ್ರವನ್ನು ‘ಆಂಟ್ವರ್ಪಿನ ಹ್ಯೂಗೊ’ ಬರೆದನೆಂದು ಹದಿನಾರನೆಯ ಶತಮಾನದಲ್ಲಿ ಕಲಾವಿದರ ಚರಿತ್ರಕಾರ ವಸಾರಿ ಮಾಡಿದ ಉಲ್ಲೇಖದಿಂದ. ಊರಿನ ಹೆಸರು ತಪ್ಪಿದ್ದರೂ ವ್ಯಕ್ತಿ ಅವನೇ ಎಂಬುದು ಇಂದಿನ ಒಮ್ಮತ. ತೊಮ್ಮಾಸೊ 1501ರಲ್ಲಿ, ಸಿರಿ ಕರಗಿದ ಮೇಲೆ, ಅದೇ ಆಸ್ಪತ್ರೆಯಲ್ಲಿ ಸತ್ತ.

ಫ್ಲಾರೆನ್ಸಿನ ಚಿತ್ರಕಾರರಿಗೆ ತೈಲವರ್ಣದ ಆಳ, ಕುರುಬರ ಮುಖ, ಹೂಗಳ ಹೊಳಪು ಎಲ್ಲವೂ ಅಧ್ಯಯನದ ವಸ್ತುವಾದವು. ಬೇಗನೆ ಉತ್ತರ ಕೊಟ್ಟವನು ಡೊಮೆನಿಕೊ ಘಿರ್ಲಾಂಡಾಯೊ. ಮೆಡಿಚಿ ಬ್ಯಾಂಕಿನ ಮಹಾವ್ಯವಸ್ಥಾಪಕ ಫ್ರಾಂಚೆಸ್ಕೊ ಸಾಸೆತ್ತಿಗಾಗಿ ಸಾಂತಾ ತ್ರಿನಿತಾ ಚರ್ಚಿನಲ್ಲಿ 1485ರಲ್ಲಿ ಬರೆದ ಕುರುಬರ ಆರಾಧನೆಯಲ್ಲಿ ಅವನು ಹ್ಯೂಗೊನ ಒರಟು ಕುರುಬರನ್ನು ನೇರವಾಗಿ ಬರಮಾಡಿಕೊಂಡು, ತನ್ನ ಮುಖವನ್ನೇ ಅವರಲ್ಲೊಬ್ಬನಿಗೆ ಕೊಟ್ಟ. ಆದರೆ ಭವಿಷ್ಯವನ್ನು ಹೇಳಲು ಅವನು ಹೂಗಳನ್ನು ನೆಚ್ಚಲಿಲ್ಲ. ಗೋದಲಿಯ ಸ್ಥಾನದಲ್ಲಿ ರೋಮನ್ ಶವಪೆಟ್ಟಿಗೆಯನ್ನಿಟ್ಟು, ಈ ಸಮಾಧಿಯಿಂದ ದೇವರೊಬ್ಬನು ಉದಯಿಸುವನೆಂಬ ಪ್ರಾಚೀನ ಶಕುನಗಾರನ ಹೆಸರಿನ ಲ್ಯಾಟಿನ್ ಶಾಸನವನ್ನು ಅದರ ಮೇಲೆ ಕೆತ್ತಿ ತೋರಿಸಿ, ಜ್ಞಾನಿಗಳ ಮೆರವಣಿಗೆಯನ್ನು ರೋಮನ್ ವಿಜಯ ಕಮಾನಿನ ಕೆಳಗಿನಿಂದ ತಂದ. ಓದುಬರಹ ಬಲ್ಲ ಮಾನವತಾವಾದಿಗಳ ಊರಿಗೆ ಅದು ಸಹಜವಾದ ಮಾರ್ಗ. ಹ್ಯೂಗೊ ಬರಿ ನೆಲದ ಮೇಲೆ ಬಿಟ್ಟ ಶಿಶುವನ್ನು ಘಿರ್ಲಾಂಡಾಯೊ ತಾಯಿಯ ಮೇಲಂಗಿಯ ಅಂಚಿನ ಮೇಲೆ ಎತ್ತಿ ಮಲಗಿಸಿದ್ದಾನೆ. ಆ ಖಾಲಿ ನೆಲವನ್ನು ಮಾತ್ರ ಅವನು ತೆಗೆದುಕೊಳ್ಳಲಿಲ್ಲ.